ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್: ನನ್ನ ಅನುಭವ

ಪಂಪ್‌ಸೆಟ್ ಮೋಟಾರ್ ಸುತ್ತುವವರ ಕೈಲಿ ವಾಲ್ವ್ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸುತ್ತೇನೆ ಅಂದಾಗ ನನಗೆ ಪರಿಚಯ ಇರುವ ವಾಲ್ವ್ ಮಂದಿಯೆಲ್ಲ ಬೇಡ ಅಂದರು. ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಕೂತು ಎರಡನ್ನೂ ಹೊಂದಿಸುವ ಟ್ರಾನ್ಸ್‌ಫಾರ್ಮರ್ ಅದು. ಬೆಂಗಳೂರಿನ ಗೆಳೆಯರೊಬ್ಬರು, 'ಹಾಸನದಲ್ಲಿ ಅದು ಆಗೋ ಮಾತಲ್ಲ, ದುಡ್ಡು ನೀರಿಗೆ ಹಾಕ್ತಿದ್ದೀರಿ' ಅಂತ ಫೋನಿನಲ್ಲೇ ಬೈದರು. ಈಗ ನಾಲ್ಕು ತಿಂಗಳಾಯ್ತು. ಎಡ, ಬಲ ಎರಡೂ ಚಾನೆಲ್ ದಿನಾ ಬೆಳಿಗ್ಗೆ ಆಕಾಶವಾಣಿಯಿಂದ ಶುರುವಾಗಿ ರಾತ್ರಿ ಮಲಗುವವರೆಗೂ ಹಾಡುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಸರ್ಕ್ಯೂಟ್ ಬಗ್ಗೆ ಜಾಸ್ತಿ ಹೇಳಲ್ಲ. ಒಂದೊಂದು ಚಾನೆಲ್‌ಗೆ ಸ್ಪೀಕರ್ ನಡೆಸುವ ವಾಲ್ವ್ ಇಎಲ್ 84 ಒಂದು, ಅದರ ಮುಂದೆ ಸಣ್ಣ ಸದ್ದನ್ನು ಎತ್ತಿಕೊಡುವ ಜೋಡಿ ವಾಲ್ವ್ ಇಸಿಸಿ 83ರ ಅರ್ಧ. ವಾಲ್ವ್‌ಗೆ ಕೊಡುವ ಹೈಟೆನ್ಷನ್ ಡಿಸಿ 270 ವೋಲ್ಟ್, ವಾಲ್ವ್‌ನ ಎಲೆಕ್ಟ್ರಾನ್ ಹೊರಡುವ ತುದಿ ಕ್ಯಾಥೋಡ್‌ನಲ್ಲಿ 135 ಓಮ್. ವಾಲ್ವ್‌ಗಳು ಹಳೇ ಬಿಇಎಲ್‌ನವು, ಬೆಂಗಳೂರಲ್ಲೇ ತಯಾರಾದವು, ಎಸ್.ಪಿ. ರೋಡಿನ ಸುತ್ತಮುತ್ತ ಹುಡುಕಿ ತಂದಿದ್ದು. ಎಲ್ಲ ಸೇರಿತ್ತು, ಟ್ರಾನ್ಸ್‌ಫಾರ್ಮರ್ ಒಂದು ಬಿಟ್ಟು. ಹೊರಗಿನಿಂದ ತರಿಸಿದರೆ ಜೋಡಿಗೆ ಹದಿನಾಲ್ಕು, ಹದಿನೈದು ಸಾವಿರ. ರಿಟೈರ್ ಆದ ಮೇಷ್ಟ್ರಿಗೆ ಅದು ಸಣ್ಣ ದುಡ್ಡಲ್ಲ.

ಕಟ್ಟಿನಕೆರೆ ಮಾರುಕಟ್ಟೆಗೆ ಹೋಗುವಾಗ ಒಂದು ರಿವೈಂಡಿಂಗ್ ಅಂಗಡಿ ಸಿಗುತ್ತೆ. ಅಲ್ಲಿನ ಅಣ್ಣನ ಕೈ ಕೆಲಸ ನೋಡಿದ್ದೆ. ಸುಟ್ಟ ಸ್ಟೆಬಿಲೈಜರ್‌ಗಳ ಸ್ಟ್ಯಾಂಪಿಂಗ್ (ಇಂಗ್ಲಿಷಿನ ಇ, ಐ ಅಕ್ಷರದ ಆಕಾರದ ತೆಳು ಕಬ್ಬಿಣದ ತಗಡುಗಳು) ಗುಜರಿಯಲ್ಲಿ ನಾನೂರು ರೂಪಾಯಿಗೆ ಸಿಕ್ಕಿತು, ನಡುವಿನ ಕಾಲು ಒಂದು ಇಂಚು, ತುಂಬಿದರೆ ಒಂದೂಕಾಲು ಇಂಚು ದಪ್ಪ. ವಾಲ್ವ್ ಕಡೆಯ ಸುರುಳಿ ಪ್ರೈಮರಿ 36 ಗೇಜಿನಲ್ಲಿ 2800 ಸುತ್ತು, ಸ್ಪೀಕರ್ ಕಡೆಯ ಸೆಕೆಂಡರಿ 22 ಗೇಜಿನಲ್ಲಿ 110. ಎಂಟು ಓಮ್ ಸ್ಪೀಕರ್ ಹಾಕಿದರೆ ವಾಲ್ವ್‌ಗೆ ಐದು ಸಾವಿರದ ಇನ್ನೂರು ಓಮ್ ಹತ್ತಿರ ಕಾಣುತ್ತೆ.

ಮೊದಲನೆಯದು ಹಾಳಾಗಿದ್ದು ನನ್ನ ತಪ್ಪಿನಿಂದ. ಚೀಟಿಯಲ್ಲಿ ಸುತ್ತುಗಳನ್ನು ಬರೆದುಕೊಟ್ಟೆ, ಸ್ಟ್ಯಾಂಪಿಂಗ್ ಹೇಗೆ ತುಂಬಬೇಕು ಅಂತ ಹೇಳಲಿಲ್ಲ. ಅಣ್ಣ ಇಷ್ಟು ವರ್ಷ ಮಾಡಿದ ಹಾಗೇ ಒಂದು ಬಿಟ್ಟು ಒಂದು ತಿರುಗಿಸಿ, ಸುತ್ತಿಗೆಯಲ್ಲಿ ತಟ್ಟಿ, ಕೂದಲೂ ನುಸುಳದ ಹಾಗೆ ಬಿಗಿಯಾಗಿ ತುಂಬಿಕೊಟ್ಟರು. ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ (ಮನೆ ಕರೆಂಟಿನ ಮೇನ್ಸ್ ಟ್ರಾನ್ಸ್‌ಫಾರ್ಮರ್‌ಗೆ) ಅದೇ ಸರಿ. ನಮ್ಮದರಲ್ಲಿ 48 ಮಿಲಿ ಆಂಪ್ ಡಿಸಿ ಸದಾ ಒಂದೇ ಕಡೆ ಹರಿಯುತ್ತಿರುತ್ತೆ, ತಗಡುಗಳ ನಡುವೆ ಸಂದಿ ಇಲ್ಲದಿದ್ದರೆ ಕಬ್ಬಿಣ ಕಾಂತತೆಯಿಂದ ತುಂಬಿಹೋಗಿ ಸದ್ದಿಗೆ ಜಾಗ ಉಳಿಯಲ್ಲ. ಮೃದಂಗದ ಎಡಗಡೆ ಪೆಟ್ಟು ಬಿದ್ದಾಗಲೆಲ್ಲ ಒಡಕು ತಗಡು ಬಡಿದ ಹಾಗೆ ಕೇಳಿಸಿತು.

ಬಿಚ್ಚಿಸಿ, ಇ ಎಲ್ಲ ಒಂದೇ ಕಡೆಯಿಂದ, ಐ ಎಲ್ಲ ಇನ್ನೊಂದು ಕಡೆಯಿಂದ ಜೋಡಿಸಿ ಮಧ್ಯ ನೋಟ್‌ಬುಕ್ಕಿನ ಒಂದು ಹಾಳೆ ಇಡಿ ಅಂದೆ. ಅಣ್ಣ ನನ್ನ ಮುಖ ನೋಡಿದರು. 'ಮೇಷ್ಟ್ರೇ, ಸಂದಿ ಬಿಟ್ರೆ ಗುಂಯ್ ಅನ್ನುತ್ತೆ, ಆಮೇಲೆ ನನ್ನ ಹೆಸರು ಕೆಡುತ್ತೆ' ಅಂದರು. ಹೆಸರು ಕೆಟ್ಟರೆ ನನ್ನದು ಅಂತ ಒಪ್ಪಿಸಿದೆ. ಒಂದು ಹಾಳೆ ಅಂದರೆ ಸುಮಾರು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಎರಡು ಹಾಳೆ ಇಟ್ಟೂ ನೋಡಿದೆ, ಕೆಳಗಿನ ಸ್ವರ ತೆಳ್ಳಗಾಯ್ತು. ಒಂದೇ ಸಾಕು.

ಎಡಗಡೆ ಪೆಟ್ಟು ಗುಂಡಗೆ ಬಂತು. ಆದರೆ ತಾಳದ ಸದ್ದೇ ಇಲ್ಲ! ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಫೋನಿನ ಟೋನ್ ಹಾಕಿ ನೋಡಿದರೆ ಐದು ಸಾವಿರ ಹರ್ಟ್ಸ್ ದಾಟಿದ ಮೇಲೆ ಸದ್ದು ಇಳಿಯುತ್ತಾ ಹೋಗುತ್ತಿತ್ತು. ಕಾರಣ, ಪ್ರೈಮರಿಯನ್ನು ಪೂರ್ತಿ ಸುತ್ತಿ ಅದರ ಮೇಲೆ ಸೆಕೆಂಡರಿ ಸುತ್ತಿದ್ದರು; ಹಾಗಾದರೆ ಮೇಲಿನ ಸ್ವರ ಸೆಕೆಂಡರಿಗೆ ಪೂರ್ತಿ ದಾಟಲ್ಲ. ಅಲ್ಲಿಗೆ ಎರಡು ಸಾವಿರದ ಹತ್ತಿರ ಖರ್ಚು. 'ನಾನು ಹೇಳಿರಲಿಲ್ವಾ' ಅಂದರು ಬೆಂಗಳೂರಿನವರು.

ಮೂರನೆಯದಕ್ಕೆ ನಾನೇ ಅಂಗಡಿಯಲ್ಲಿ ಕೂತೆ. ಅರ್ಧ ಪ್ರೈಮರಿ, ಅದರ ಮೇಲೆ ಸೆಕೆಂಡರಿ, ಮೇಲೆ ಮತ್ತೆ ಉಳಿದರ್ಧ ಪ್ರೈಮರಿ. ಕೈ ಮಿಷನ್ನಿನ ಕೌಂಟರ್ ಆಗಾಗ ಹತ್ತು ಹಾರುತ್ತಿತ್ತು, ಅದನ್ನು ನಂಬೋ ಹಾಗಿರಲಿಲ್ಲ. ಅಣ್ಣ ಬಾಯಲ್ಲಿ ಎಣಿಸುತ್ತಿದ್ದರು, ನಾನು ನೂರು ಸುತ್ತಿಗೊಂದು ಹುಣಸೆಬೀಜ ಲೋಟಕ್ಕೆ ಹಾಕುತ್ತಿದ್ದೆ. ಪದರ ಪದರಕ್ಕೂ ತೆಳು ಕಾಗದ, ಪ್ರೈಮರಿ ಸೆಕೆಂಡರಿ ನಡುವೆ ಮೋಟಾರ್‌ಗೆ ಹಾಕುವ ಲೆದರಾಯ್ಡ್. ಮಧ್ಯಾಹ್ನ ಎರಡಕ್ಕೆ ಶುರುವಾಗಿದ್ದು ಮುಗಿದಾಗ ಏಳು ಗಂಟೆ, ಲೋಟದಲ್ಲಿ ಇಪ್ಪತ್ತೆಂಟು ಬೀಜ. ಅಲ್ಲೇ ಇದ್ದ ಐನೂರು ವೋಲ್ಟ್ ಮೆಗ್ಗರ್ (ಸುರುಳಿಗಳ ನಡುವೆ ಕರೆಂಟ್ ಸೋರುತ್ತಾ ಅಂತ ನೋಡುವ ಮೀಟರ್) ಹಚ್ಚಿ ನೋಡಿದೆವು, ಮುಳ್ಳು ಕದಲಲಿಲ್ಲ. ಪ್ರೈಮರಿ ಮೀಟರಿನಲ್ಲಿ ಇನ್ನೂರೈವತ್ತು ಓಮ್ ತೋರಿಸಿತು. ಹೀಗೆ ಅನುಕೂಲ ಇರುವ ಅಂಗಡಿ ಬೇರೆಲ್ಲಿ ಸಿಗುತ್ತೆ ಹೇಳಿ? ಕೊನೆಯ ಜೋಡಿಯಲ್ಲಿ ಪ್ರೈಮರಿಯನ್ನು ಇನ್ನೂ ಒಂದು ಕಡೆ ಒಡೆದಿದ್ದೇನೆ. ಎಲ್ಲಿ ಒಡೆದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮನೆಗೆ ತಂದು, ದೋಷವಿದ್ದರೆ ಸುಡದಿರಲಿ ಅಂತ ಕರೆಂಟಿನ ದಾರಿಯಲ್ಲಿ ಒಂದು ಸೀರೀಸ್ ಬಲ್ಬ್ ಸೇರಿಸಿ ಹಚ್ಚಿದೆ. ಬಲ್ಬ್ ಒಮ್ಮೆ ಹೊಳೆದು ಮಂಕಾಯ್ತು. ನೇರ ಕೊಟ್ಟೆ. ತಾಳ ಇದೆ, ಮೃದಂಗ ಇದೆ, ವೀಣೆಯ ತಂತಿ ಮೀಟುವ ಉಗುರಿನ ಸದ್ದೂ ಇದೆ. ಹದಿನೈದು ನಿಮಿಷ ಆಯ್ತು. ಆಮೇಲೆ ಸದ್ದು ಒರಟಾಗತೊಡಗಿತು. ದೀಪ ಆರಿಸಿ ನೋಡಿದರೆ ಇಎಲ್ 84ರೊಳಗಿನ ಲೋಹದ ಪ್ಲೇಟಿನ ನಡುವೆ ದೊಡ್ಡ ಕುಂಕುಮದ ಬೊಟ್ಟಿನಷ್ಟು ಜಾಗ ಕೆಂಪಗೆ ಕಾದಿತ್ತು.

ಕೇಳಿದವರೆಲ್ಲ ಮತ್ತೆ ಟ್ರಾನ್ಸ್‌ಫಾರ್ಮರ್ ಕಡೆಗೇ ಬೆರಳು ತೋರಿಸಿದರು. ನಾನೂ ಎರಡು ದಿನ ಅದನ್ನೇ ನಂಬಿ ನಿದ್ದೆಗೆಟ್ಟೆ. ಆಮೇಲೆ ಕ್ಯಾಥೋಡ್ ಅಳೆದೆ; ಅಲ್ಲಿನ ವೋಲ್ಟ್ ನೋಡಿದರೆ ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಗೊತ್ತಾಗುತ್ತೆ. ಏಳು ವೋಲ್ಟ್ ಚಿಲ್ಲರೆ ಇರಬೇಕಾದಲ್ಲಿ ಹತ್ತೂವರೆ! ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಕ್ಯಾಥೋಡ್ ಯಾಕೆ ಹೀಗೆ ಏರಬೇಕು? ಆಫ್ ಮಾಡಿ, ಬಿಸಿ ಇರುವಾಗಲೇ ಬಟ್ಟೆ ಹಿಡಿದು ವಾಲ್ವ್ ಕಿತ್ತೆ, ಮತ್ತೆ ಆನ್ ಮಾಡಿ ಖಾಲಿ ಸಾಕೆಟ್ಟಿನ ಗ್ರಿಡ್ ಪಿನ್ನಿಗೆ (ಸದ್ದು ವಾಲ್ವ್‌ಗೆ ಒಳಗೆ ಹೋಗುವ ಪಿನ್ನು) ಮೀಟರ್ ಇಟ್ಟೆ. ಸೊನ್ನೆ ಇರಬೇಕು. ಐದು ವೋಲ್ಟ್ ಇತ್ತು. ವಾಲ್ವ್ ಇಲ್ಲದೆಯೂ ವೋಲ್ಟ್ ಬರುತ್ತಿದೆ ಅಂದರೆ ಅದು ಇಸಿಸಿ 83ರಿಂದ ಸದ್ದನ್ನು ಮಾತ್ರ ಬಿಟ್ಟು ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರಿನಿಂದಲೇ. ಹಳೇ ರೇಡಿಯೋದಿಂದ ಕಿತ್ತ 0.022 ಮೈಕ್ರೋಫ್ಯಾರಡ್ ಪೇಪರ್ ಕೆಪಾಸಿಟರ್ ಅದು, ಹಳೆಯದಾದರೆ ನಾದ ಚೆನ್ನಾಗಿರುತ್ತೆ ಅಂತ ಹಾಕಿದ್ದೆ. ಮೊದಲೆರಡು ಟ್ರಾನ್ಸ್‌ಫಾರ್ಮರ್‌ಗಳನ್ನು ಐದು ನಿಮಿಷಕ್ಕಿಂತ ಜಾಸ್ತಿ ಹಾಡಿಸಿರಲಿಲ್ಲವಲ್ಲ, ಹಾಗಾಗಿ ಬಿಸಿಯಾದ ಮೇಲೆ ಸೋರುವ ಈ ದೋಷ ಕಾಣಿಸಿಕೊಂಡೇ ಇರಲಿಲ್ಲ. ಹದಿನೈದು ರೂಪಾಯಿಯ ಹೊಸ ಪಾಲಿಪ್ರಾಪಿಲೀನ್ ಕೆಪಾಸಿಟರ್ ಹಾಕಿದೆ. ಕ್ಯಾಥೋಡ್ 7.2ಕ್ಕೆ ಬಂದು ನಿಂತಿತು. ಅವತ್ತಿನಿಂದ ಕೆಂಪು ಕಂಡಿಲ್ಲ.

ಅಣ್ಣ ಹೇಳಿದ್ದ ಗುಂಯ್ ಮಾತ್ರ ನಿಜ ಇತ್ತು. ಜೋರಾಗಿ ಹಾಡಿಸಿದರೆ ಟ್ರಾನ್ಸ್‌ಫಾರ್ಮರೇ ಸಣ್ಣಗೆ ಹಾಡುತ್ತಿತ್ತು. ಸಕಲೇಶಪುರದ ಕಡೆಯಿಂದ ಬಂದ ಜೇನುಮೇಣ ಮನೆಯಲ್ಲಿತ್ತು, ಕರಗಿಸಿ ಒಂದನ್ನು ಮುಳುಗಿಸಿ ತೆಗೆದೆ. ಸದ್ದು ಪೂರ್ತಿ ಹೋಯ್ತು, ನನಗೆ ಖುಷಿಯೋ ಖುಷಿ. ಆದರೆ ವಾಲ್ವ್ ಪಕ್ಕದಲ್ಲೇ ಕೂರಿಸಿದ್ದೆ, ಮೂರನೇ ದಿನ ಮೇಣ ಮೆತ್ತಗಾಗಿ ಚಾಸಿಸ್ ಮೇಲೆ ಇಳಿದಿತ್ತು. ಕೊನೆಗೆ ಮೋಟಾರ್ ವಾರ್ನಿಷ್ಷೇ ಗತಿ. ಅಂಗಡಿಯಲ್ಲಿ ಅದ್ದಿ, ಡಬ್ಬದೊಳಗೆ ನೂರು ವಾಟ್ ಬಲ್ಬ್ ಉರಿಸಿ ರಾತ್ರಿಯೆಲ್ಲ ಒಣಗಿಸಿದರು. ಈಗ ಕಿವಿ ಹತ್ತಿರ ಇಟ್ಟರೂ ಸದ್ದಿಲ್ಲ.

ಇನ್ನೊಂದು ಪ್ರಯೋಗ: ಇಎಲ್ 84 ಪೆಂಟೋಡ್, ಅಂದರೆ ಐದು ಎಲೆಕ್ಟ್ರೋಡಿನ ವಾಲ್ವ್; ಅದರ ಎರಡನೇ ಗ್ರಿಡ್ ಆದ ಸ್ಕ್ರೀನ್ ಗ್ರಿಡ್ಡನ್ನು ನೂರು ಓಮ್ ಮೂಲಕ ಪ್ಲೇಟಿಗೆ ಕಟ್ಟಿ, ಮೂರು ಎಲೆಕ್ಟ್ರೋಡಿನ ಟ್ರಯೋಡ್ ಹಾಗೆ ಮಾಡಿ ಕೇಳಿದೆ. ನಾಲ್ಕು ವಾಟ್ ಬರುತ್ತಿದ್ದದ್ದು ಎರಡರ ಹತ್ತಿರಕ್ಕೆ ಇಳಿಯಿತು. ದನಿ ಮಾತ್ರ ಬೆಣ್ಣೆ. ಮನೆಯವರಿಗೆ ಅದೇ ಇಷ್ಟ ಆಯ್ತು, ಹಾಗಾಗಿ ಹಿಂದೆ ಒಂದು ಸ್ವಿಚ್ ಕೂರಿಸಿದ್ದೇನೆ. ಮಳೆ ಜೋರಾಗಿ ಹೆಂಚಿನ ಮೇಲೆ ಬೀಳುವಾಗ ಪೆಂಟೋಡ್, ಉಳಿದಂತೆ ಟ್ರಯೋಡ್.

ಕೆಟ್ಟಿದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ಒಂದಕ್ಕೆ ತಂತಿ ಇನ್ನೂರೈವತ್ತು, ಸ್ಟ್ಯಾಂಪಿಂಗ್ ಇನ್ನೂರು, ಕೂಲಿ ಆರುನೂರು. ಕಾಗದ, ವಾರ್ನಿಷ್ ಸೇರಿ ಹನ್ನೊಂದು ನೂರು ದಾಟಿಲ್ಲ. ಬೆಂಗಳೂರಿನ ಗೆಳೆಯರು ಹೋದ ತಿಂಗಳು ಮನೆಗೆ ಬಂದಿದ್ದರು, ಒಂದು ಗಂಟೆ ಕೂತು ಕೇಳಿ, ಹೊರಡುವಾಗ ಅಂಗಡಿಯ ವಿಳಾಸ ಬರೆದುಕೊಂಡರು.

ಮುಂದಿನದು ಎರಡು ಇಎಲ್ 84 ಎದುರುಬದುರಾಗಿ ಕೆಲಸ ಮಾಡುವ ಪುಷ್‌ಪುಲ್. ಅದರಲ್ಲಿ ಎರಡೂ ಕಡೆಯ ಡಿಸಿ ಒಂದನ್ನೊಂದು ಕಳೆಯುತ್ತೆ, ಸಂದಿ ಬೇಡ. ಹೋದ ಶನಿವಾರ ಅಂಗಡಿಗೆ ಹೋಗಿ, 'ಅಣ್ಣಾ, ಈ ಸಲ ನಿಮ್ಮ ಪದ್ಧತಿಯಲ್ಲೇ ಒಂದು ಬಿಟ್ಟು ಒಂದು ತಿರುಗಿಸಿ ತುಂಬಿ' ಅಂದೆ. ಗೋಡೆಯ ಮೇಲೆ ಐದು ಎಚ್‌ಪಿ, ಏಳೂವರೆ ಎಚ್‌ಪಿ ಲೆಕ್ಕಗಳ ಪಕ್ಕ ಸೀಮೆಸುಣ್ಣದಲ್ಲಿ 'ಮೇಷ್ಟ್ರು 2800/110, ಹಾಳೆ 1' ಅಂತ ಬರೆದಿತ್ತು. ಅದರ ಕೆಳಗೆ ಹೊಸದಕ್ಕೆ ಜಾಗ ಬಿಟ್ಟು, 'ಸುತ್ತು ಎಷ್ಟು ಹೇಳಿ' ಅಂದರು.