ಕಡಲೆ ಹೊಲದಲ್ಲಿ ನಿಂತು ಶ್ವೇತ ಕುಬ್ಜದ ಸಾಂದ್ರತೆ ಲೆಕ್ಕ ಹಾಕಿದ್ದು: ನನ್ನ ಅನುಭವ

ಒಂದು ಸಿಸಿಗೆ ಸುಮಾರು ಮೂರೂವರೆ ಕ್ವಿಂಟಲ್. ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರದ ತಿರುಳು, ಅಷ್ಟು ದಟ್ಟ. ಗದಗ ಜಿಲ್ಲೆಯ ಡಂಬಳದ ಹತ್ತಿರ, ನಮ್ಮ ಕಾಕಾನ ಹೊಲದಲ್ಲಿ 8 ಇಂಚಿನ ಡಾಬ್ಸೋನಿಯನ್ (ಕನ್ನಡಿಯ ದೂರದರ್ಶಕ) ಇಟ್ಟು ನೋಡಿ ನಾನು ತೆಗೆದ ಅಂಕಿ ಇದು. ಪುಸ್ತಕದ ಅಂಕಿಗೂ ಇದಕ್ಕೂ ಜಾಸ್ತಿ ಫರಕಿಲ್ಲ. "ನಿನ್ನ ಪೈಪಿನಾಗ ಅದೆಲ್ಲಾ ಆಗೂದಲ್ಲ ಬಿಡು" ಅಂದಿದ್ದ ಧಾರವಾಡದ ಗೆಳೆಯರು ಈಗ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಮೊದಲ ಎರಡು ಚಳಿಗಾಲ ಲುಬ್ಧಕ (ಸಿರಿಯಸ್) ನಕ್ಷತ್ರದ ಜೋಡಿಯಾದ ಶ್ವೇತ ಕುಬ್ಜದ ಹಿಂದೆ ಬಿದ್ದು ಹೋದವು. ಲುಬ್ಧಕ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು ಪ್ರಕಾಶ. ಆ ಝಳದಲ್ಲಿ ಏನೂ ಕಾಣಲಿಲ್ಲ. ಪವರ್ ಸಾಲದು ಅಂತ 4,500 ರೂಪಾಯಿಗೆ ಹಳೇ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ತಂದೆ. ಒಳಗೆ ಬೂಸ್ಟು ಹಿಡಿದಿತ್ತು, ಮಾರಿದವರು ವಾಪಸ್ ತಗೊಳ್ಳಲಿಲ್ಲ. ಕನ್ನಡಿ, ಕೋಟಿಂಗ್, ಪ್ಲೈವುಡ್ ಎಲ್ಲಾ ಸೇರಿ ಖರ್ಚು 30 ಸಾವಿರ ದಾಟಿತು.

ಮೂರನೇ ವರ್ಷ 40 ಎರಿಡಾನಿ ಬಿ ಅನ್ನೋ ಇನ್ನೊಂದು ಶ್ವೇತ ಕುಬ್ಜ ಹಿಡಿದೆ. ಮಹಾವ್ಯಾಧ ನಕ್ಷತ್ರಪುಂಜದ ರೈಜೆಲ್‌ನಿಂದ ಪಶ್ಚಿಮಕ್ಕೆ 15 ಡಿಗ್ರಿ ಸರಿದರೆ ಸಾಕು. 1783ರಲ್ಲೇ ವಿಲಿಯಂ ಹರ್ಷೆಲ್ ಕಂಡಿದ್ದ ಚುಕ್ಕೆ. ಅದರ ಜೋಡಿಯ ಮುಖ್ಯ ನಕ್ಷತ್ರದಿಂದ 83 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು) ದೂರ ಇರೋದರಿಂದ ಕಣ್ಣಿಗೆ ಜಾಗ ಸಿಗುತ್ತದೆ. ಆದರೂ ಆ ಮುಖ್ಯ ನಕ್ಷತ್ರವನ್ನು ಐಪೀಸಿನೊಳಗೇ ಮರೆಮಾಡಲು ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದನ್ನು ಹೇಗೆ ಕೂರಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರೆ ನೆಲದಲ್ಲಿ ಬುಡ ಕುಸಿಯುತ್ತಿತ್ತು, ಶಹಾಬಾದ್ ಕಲ್ಲು ಹಾಸಿದೆ. ಡಿಸೆಂಬರ್ ಅಂದರೆ ಕಡಲೆ ಗಿಡ ಮೊಣಕಾಲಿಗೆ ಬಂದಿರುತ್ತದೆ. ಇಬ್ಬನಿ ಜೊತೆ ಅದರ ಹುಳಿ ಪ್ಯಾಂಟಿಗೆ, ಚಾರ್ಟಿಗೆ, ಬೆರಳಿಗೆ ಅಂಟುತ್ತದೆ. ಆ ಹುಳಿ ಕನ್ನಡಿಯ ಅಲ್ಯೂಮಿನಿಯಂ ತಿಂದೀತು ಅಂತ ನನಗೆ ದೊಡ್ಡ ಭಯ. ಅದಕ್ಕೇ ಟ್ಯೂಬಿನ ಬುಡಕ್ಕೆ ಅವ್ವನ ಹಳೇ ಇಳಕಲ್ ಸೀರೆ ಸುತ್ತಿದೆ.

ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಏಳು ರಾತ್ರಿ ಪ್ರಕಾಶ ಅಂದಾಜು ಮಾಡಿದೆ. ಸರಾಸರಿ 9.5 ಮ್ಯಾಗ್ನಿಟ್ಯೂಡ್ ಬಂತು (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ದೂರ 16 ಜ್ಯೋತಿರ್ವರ್ಷ, ಬಿಸಿ 17 ಸಾವಿರ ಕೆಲ್ವಿನ್, ದ್ರವ್ಯರಾಶಿ ಸೂರ್ಯನ 0.57 ಪಾಲು. ಈ ಮೂರು ಪುಸ್ತಕದಿಂದ ತಗೊಂಡಿದ್ದು. ಪ್ರಕಾಶ, ದೂರ, ಬಿಸಿ ಗೊತ್ತಿದ್ದರೆ ಗಾತ್ರ ಸಿಗುತ್ತದೆ; ದ್ರವ್ಯರಾಶಿಯನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

ಲೆಕ್ಕ ಹಾಕಿದರೆ ಸಿಸಿಗೆ 29 ಕ್ವಿಂಟಲ್! ಲುಬ್ಧಕದ ಜೋಡಿಗೂ 20 ಕ್ವಿಂಟಲ್ ಮೇಲೆಯೇ ಇದೆ, ಸರಿ ಬಂತು ಅಂತ ಖುಷಿಪಟ್ಟು ಎಲ್ಲರಿಗೂ ಫೋನ್ ಮಾಡಿದೆ. ತಪ್ಪಿದ್ದೇ ಅಲ್ಲಿ. ಶ್ವೇತ ಕುಬ್ಜಗಳಲ್ಲಿ ಸರಕು ಜಾಸ್ತಿಯಾದಷ್ಟೂ ಗಾತ್ರ ಕುಗ್ಗುತ್ತದೆ. ಲುಬ್ಧಕದ ಜೋಡಿಯಲ್ಲಿ ಒಂದು ಸೂರ್ಯನಷ್ಟು ಸರಕು ಭೂಮಿಯಷ್ಟು ಗಾತ್ರದಲ್ಲಿದೆ. ನನ್ನದರಲ್ಲಿ ಇರೋದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಂದಮೇಲೆ ಅದು ಇನ್ನೂ ದೊಡ್ಡದಾಗಿ, ಸಡಿಲವಾಗಿ ಇರಬೇಕಲ್ವಾ?

ಒಂದು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಅಷ್ಟು ಬಿಸಿಯ ನಕ್ಷತ್ರ ಬೆಳಕಿನ ಬಹುಪಾಲನ್ನು ನೇರಳಾತೀತದಲ್ಲಿ ಚೆಲ್ಲುತ್ತದೆ. ನಾನು ಕಣ್ಣಿಗೆ ಕಂಡದ್ದಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಅದನ್ನು ಸೇರಿಸಿದರೆ ಬೆಳಕು ನಾಲ್ಕು ಪಟ್ಟಾಯಿತು, ವ್ಯಾಸ ಎರಡು ಪಟ್ಟಾಗಿ 18 ಸಾವಿರ ಕಿಲೋಮೀಟರ್ ಆಯಿತು. ಸಾಂದ್ರತೆ ಎಂಟನೇ ಒಂದು ಪಾಲಿಗೆ ಇಳಿಯಿತು. ಮೂರೂವರೆ ಕ್ವಿಂಟಲ್!

ಫೆಬ್ರವರಿಯಲ್ಲಿ ರಾಶಿ ಆಗಿತ್ತು. ಸುಮ್ನೆ ನೂರು ಕಡಲೆಕಾಳು ಎಣಿಸಿ ಅಳತೆಯ ನೀರಿಗೆ ಹಾಕಿದೆ, 15 ಮಿಲಿಯಷ್ಟು ಏರಿತು. ಒಂದು ಕಾಳಿನ ಗಾತ್ರದ ಶ್ವೇತ ಕುಬ್ಜ ಅಂದರೆ 50 ಕಿಲೋ ಮೇಲೆ. ಕಾಕಾ ಒಂದು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿಸಿದ್ದ ಚೀಲ ನೋಡಿದರು. "ಇಷ್ಟರಾಗ ಅಷ್ಟೂ ಐತೇನು?" ಅಂದರು. ಆ ಸಂಜೆ ಊಟಕ್ಕೂ ಮೊದಲೇ, ಟಾರ್ಚ್ ಹಿಡಿದು ಅವರೇ ಹೊಲಕ್ಕೆ ಹೊರಟರು.