ಭೂಕಂಪ ಆದ್ರೆ ಕರಾವಳಿ ಮರಳು ಎಲ್ಲೆಲ್ಲಿ ಕೆಸರಾಗುತ್ತೆ? ಮ್ಯಾಪ್ ಮಾಡೋದು ಹೀಗೆ

ಮೊದಲೇ ಬೋರ್‌ಹೋಲ್ ಡೇಟಾಗೆ (ನೆಲ ಕೊರೆದು ತೆಗೆದ ಮಣ್ಣಿನ ಮಾಹಿತಿ) ಕೈ ಹಾಕ್ಬೇಡಿ, ಹಳೇ ನಕ್ಷೆ ತೆಗೆದು ಎಲ್ಲಿ ಮಣ್ಣು ತುಂಬಿ ಜಾಗ ಮಾಡಿದಾರೆ, ನದಿಯ ಹಳೇ ಪಾತ್ರ ಎಲ್ಲಿತ್ತು ಅಂತ ಗುರುತು ಹಾಕ್ಕೊಳಿ, 1964ರಲ್ಲಿ ಜಪಾನಿನ ನಿಗಾಟಾದಲ್ಲಿ ಅಪಾರ್ಟ್‌ಮೆಂಟ್‌ಗಳು ಇಡಿಇಡಿಯಾಗಿ ವಾಲಿ ಮಲಗಿದ್ದು ಇಂಥ ಸಡಿಲ ಮರಳಿನ ಮೇಲೇನೇ. ಆಮೇಲೆ ಮೇಲಿನ 20 ಮೀಟರ್‌ಗೆ ಎಸ್‌ಪಿಟಿ ಎನ್ ವ್ಯಾಲ್ಯೂ (ಸುತ್ತಿಗೆ ಏಟಿಗೆ ಕೊಳವೆ ಇಳಿಯೋಕೆ ಎಷ್ಟು ಏಟು ಬೇಕಾಯ್ತು ಅನ್ನೋ ಲೆಕ್ಕ), ಜರಡಿ ಟೆಸ್ಟ್ (ಮಣ್ಣಿನ ಕಣದ ಗಾತ್ರ ನೋಡೋಕೆ), ಅಂತರ್ಜಲ ಮಟ್ಟ ಬೇಕು. ನೀರು ಮಾತ್ರ ವರ್ಷದಲ್ಲೇ ಅತಿ ಮೇಲೆ ಬಂದಾಗಿನ ಮಟ್ಟ ತಗೊಳಿ, ಒಣ ಕಾಲದ್ದು ಹಾಕಿದ್ರೆ ಮ್ಯಾಪ್ ಸುಮ್ನೆ ಸೇಫ್ ಅಂತ ತೋರ್ಸುತ್ತೆ. ಪ್ರತಿ ಪದರಕ್ಕೂ ಮಣ್ಣು ತಡ್ಕೊಳೋ ಶಕ್ತಿನ ಭೂಕಂಪ ಹೇರೋ ಒತ್ತಡದಿಂದ ಭಾಗಿಸಿ, 1ಕ್ಕಿಂತ ಕಮ್ಮಿ ಬಂದ್ರೆ ಅಪಾಯ. ಪ್ರತಿ ಪದರದಲ್ಲಿ 1ಕ್ಕೆ ಎಷ್ಟು ಕಮ್ಮಿ ಬಿತ್ತು ಅನ್ನೋದನ್ನ ಮೇಲಿನ ಪದರಕ್ಕೆ ಜಾಸ್ತಿ ತೂಕ ಕೊಟ್ಟು ಕೂಡಿಸಿದ್ರೆ ಎಲ್‌ಪಿಐ (ಮರಳು ಕೆಸರಾಗೋ ಅಪಾಯದ ಸೂಚ್ಯಂಕ) ಸಿಗುತ್ತೆ, 5ರೊಳಗೆ ಅಪಾಯ ಕಮ್ಮಿ, 15 ದಾಟಿದ್ರೆ ತುಂಬಾ ಜಾಸ್ತಿ. ಜಿಐಎಸ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಮ್ಯಾಪ್ ಮಾಡೋ ವ್ಯವಸ್ಥೆ) ದೂರದೂರದ ಬೋರ್‌ಗಳ ಮಧ್ಯೆ ಸಾಫ್ಟ್‌ವೇರ್ ತುಂಬೋ ಬಣ್ಣ ನಂಬ್ಬೇಡಿ, ಮಣ್ಣಿನ ಗಡಿ ನೋಡಿ ಕೈಯಾರೆ ತಿದ್ದಿ.