ಮೀನಿಗಿಂತ ಮೊದಲು ಕಲ್ಲು

ಸೆವೆಲಿಯಾ ಲಿನಿಯೊಲಾಟಾ ವಿಯೆಟ್ನಾಂನ ಬಿರುಸಿನ ತೊರೆಗಳಲ್ಲಿರುವ ಪುಟ್ಟ ಲೋಚ್ ಮೀನು. ಅದನ್ನು ತರುವ ಮೊದಲು ನಾನು ಕಲ್ಲುಗಳಿಗೆ ಪಾಚಿ ಹಿಡಿಸಿದೆ. ಟ್ಯಾಂಕ್ ತುಂಬಿಸಿ, ಉರುಟು ಕಲ್ಲುಗಳನ್ನು ಜೋಡಿಸಿ, ಪಂಪ್ ಓಡಿಸಿ, ಬೆಳಕು ಜಾಸ್ತಿ ಬಿಟ್ಟೆ. ವಾರಗಟ್ಟಲೆ ಮೀನಿಲ್ಲದೆಯೇ ಟ್ಯಾಂಕ್ ಓಡಿತು. ಕಲ್ಲು ಮುಟ್ಟಿದರೆ ಜಾರಿ, ಬೆರಳಿಗೆ ಕಂದು ಲೋಳೆ ಅಂಟುವ ತನಕ ಕಾದೆ.

ಈ ಮೀನಿಗೆ ಆ ಲೋಳೆಯೇ ಊಟ. ಪಾಚಿ, ಬ್ಯಾಕ್ಟೀರಿಯಾ, ಅವುಗಳ ನಡುವೆ ಬದುಕುವ ಸಣ್ಣ ಜೀವಿಗಳು, ಎಲ್ಲವನ್ನೂ ತಲೆಯ ಅಡಿಗಿರುವ ಬಾಯಿಯಿಂದ ಕೆರೆದು ತಿನ್ನುತ್ತದೆ. ಫಳಫಳ ಹೊಳೆಯುವ ಹೊಸ ಟ್ಯಾಂಕ್‌ಗೆ ಬಿಟ್ಟರೆ ನಿಧಾನವಾಗಿ ಸೊರಗುತ್ತದೆ. ಗಾಜಿಗೆ ಅಂಟಿಕೊಂಡಾಗ ಹೊಟ್ಟೆ ನೋಡಿ. ಒಳಗೆ ಸೇದಿಕೊಂಡಿದ್ದರೆ ಊಟ ಸಾಲುತ್ತಿಲ್ಲ ಅಂತಲೇ ಅರ್ಥ. ನಾನು ಬೇರೊಂದು ತೊಟ್ಟಿಯಲ್ಲಿ ಬೆಳಕಿನಡಿ ಇನ್ನಷ್ಟು ಕಲ್ಲುಗಳಿಗೆ ಪಾಚಿ ಹಿಡಿಸುತ್ತೇನೆ, ಪಾಚಿ ಸವೆದ ಕಲ್ಲು ತೆಗೆದು ಹೊಸದನ್ನು ಇಡುತ್ತೇನೆ.

ಅಂಟಿಕೊಳ್ಳುವ ಬಗೆ ನೋಡಲು ಸೊಗಸು. ಎದೆಯ ರೆಕ್ಕೆಗಳೂ ಹೊಟ್ಟೆಯ ರೆಕ್ಕೆಗಳೂ ಅಗಲವಾಗಿ ಹರಡಿ, ಚಪ್ಪಟೆ ಮೈ ಜೊತೆ ಸೇರಿ ಒಂದೇ ಬಟ್ಟಲಿನಂತೆ ಕಲ್ಲನ್ನು ಹಿಡಿಯುತ್ತವೆ. ಒಳಗಿನ ಗಾಳಿಚೀಲ ತುಂಬಾ ಚಿಕ್ಕದಾಗಿರುವುದರಿಂದ ಮೀನು ತೇಲದೆ ತಳದಲ್ಲೇ ನಿಲ್ಲುತ್ತದೆ.

ಜನ ಮೊದಲು ಕೇಳುವುದು ಹರಿವಿನ ಬಗ್ಗೆ. ಒಂದು ತುದಿಯಲ್ಲಿ ಪಂಪ್‌ಗಳು, ಇನ್ನೊಂದು ತುದಿಯಲ್ಲಿ ಸ್ಪಂಜ್ ಹಾಕಿದ ಪೈಪ್ ಬಾಯಿ, ನಡುವೆ ಇವೆರಡನ್ನೂ ಸೇರಿಸುವ ಪೈಪ್ ಜಲ್ಲಿಯಡಿ. ಹೀಗೆ ಮಾಡಿದಾಗ ನೀರು ಜಲ್ಲಿಯ ಮೇಲೆ ಒಂದೇ ದಿಕ್ಕಿಗೆ ಹರಿಯುತ್ತದೆ. ಗಂಟೆಗೆ ಟ್ಯಾಂಕ್‌ನ ನೀರಿನ ಹತ್ತು ಪಟ್ಟಾದರೂ ಪಂಪ್‌ಗಳ ಮೂಲಕ ಹಾಯುವಂತೆ ಇಟ್ಟಿದ್ದೇನೆ. ಹಾಗಂತ ಎಲ್ಲ ಕಡೆ ಬಿರುಸು ಬೇಡ. ದೊಡ್ಡ ಕಲ್ಲಿನ ಹಿಂದೆ ನೀರು ಶಾಂತವಾಗಿರುವ ಜಾಗ ಇರಲೇಬೇಕು. ಮೀನು ತನಗೆ ಬೇಕಾದ ಕಡೆ ಹೋಗಿ ಕೂರುತ್ತದೆ.

ಆದರೆ ನನ್ನ ಪ್ರಕಾರ ಹರಿವಿಗಿಂತ ದೊಡ್ಡ ವಿಷಯ ಆಮ್ಲಜನಕ. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 30 ಡಿಗ್ರಿಗೆ ಬಂದರೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಸೆಖೆ ಹೆಚ್ಚಾದಾಗ ಮೀನಿಗೆ ಬೇಕಾದ ಆಮ್ಲಜನಕವೂ ಹೆಚ್ಚು, ಸಿಗುವುದು ಕಡಿಮೆ. ಕಷ್ಟವೇ ಅಲ್ವಾ? ಅದಕ್ಕೇ ನೀರನ್ನು 20ರಿಂದ 24 ಡಿಗ್ರಿ ಒಳಗೆ ಇಡುತ್ತೇನೆ. ನೀರಿನಲ್ಲಿ ಮುಳುಗಿರುವ ಪಂಪ್‌ಗಳೂ ಬಿಸಿ ಮಾಡುತ್ತವೆ, ಸುಮ್ನೆ ಇನ್ನೊಂದು ಸೇರಿಸಬೇಡಿ. ಒಂದು ಸಣ್ಣ ಫ್ಯಾನ್ ನೀರಿನ ಮೇಲೆ ಗಾಳಿ ಬೀಸಿದರೆ ಆವಿಯಾಗಿ ತಂಪಾಗುತ್ತದೆ, ಆರಿದಷ್ಟು ನೀರು ತುಂಬುತ್ತಿರಬೇಕು. ಕರೆಂಟ್ ಹೋದರೆ ತಾನೇ ಶುರುವಾಗುವ ಬ್ಯಾಟರಿ ಏರ್‌ಪಂಪ್ ನನಗೆ ತೀರಾ ಅಗತ್ಯದ ವಸ್ತು.

ಮುಚ್ಚಳದಲ್ಲಿ ಸಂದು ಬಿಡಬೇಡಿ, ಈ ಮೀನುಗಳು ಒದ್ದೆ ಗಾಜು ಹತ್ತಿ ಹೊರಬರಬಲ್ಲವು.

ಒಂದೇ ಮೀನನ್ನು ಸಾಕಬೇಡಿ. ಗುಂಪಿನಲ್ಲಿದ್ದಾಗ ಒಂದರ ಮೇಲೊಂದು ಹತ್ತಿ, ರೆಕ್ಕೆ ಹರಡಿ ಜಾಗಕ್ಕಾಗಿ ತಳ್ಳಾಡುತ್ತವೆ. ನೋಡಲು ಜಗಳ, ಗಾಯವಾಗುವುದು ಅಪರೂಪ. ಮರಿಗಳಾದರೆ ಜಲ್ಲಿಯ ಸಂದುಗಳಲ್ಲಿ ಅಡಗಿರುತ್ತವೆ. ಆದ್ದರಿಂದ ನಾನು ಜಲ್ಲಿಯ ಆಳಕ್ಕೆ ಕೊಳವೆ ಇಳಿಸಿ ಕೊಳೆ ಎಳೆಯುವುದಿಲ್ಲ. ಮುಂದಿನ ಗಾಜನ್ನಷ್ಟೇ ಒರೆಸುತ್ತೇನೆ, ಉಳಿದ ಮೂರು ಬದಿಯ ಪಾಚಿ ಅವುಗಳ ಪಾಲು.